ಎಮ್ರಿಸ್ ಅಂದರೆ ಅಮೃತ

"ಎಮ್ರಿಸ್! ಇದೆಂಥ ಹೆಸರಪ್ಪಾ? ಯಾರು ಇಡ್ತಾರೋ!"

ತಾನು ಕೆಲಸ ಮಾಡುವ ಬರ್ಬ್ಯಾಂಕ್‌ನ ಸಿನಿಮಾ ಸ್ಟುಡಿಯೋದಲ್ಲಿ ಹೊಸ ಸೌಂಡ್ ಎಡಿಟರ್‌ನ ಹೆಸರು ಓದಿ ಸ್ಪಂದನಾ ತನ್ನಷ್ಟಕ್ಕೆ ನಕ್ಕಳು.

"ನಮ್ಮ ಅಪ್ಪಾರು ಇಟ್ಟಾರ್ರಿ," ಹಿಂದಿನಿಂದ ದನಿ ಬಂತು.

ಬೆಚ್ಚಿ ತಿರುಗಿದಳು. ಬೂದುಗಣ್ಣಿನ ಹುಡುಗ... ಬಾಯಲ್ಲಿ ಅಪ್ಪಟ ಧಾರವಾಡದ ಕನ್ನಡ!

'ಅಯ್ಯೋ, ಭೂಮಿ ಬಾಯಿಬಿಡಬಾರದೇ!'

ಅವನ ತಂದೆ ವೇಲ್ಸ್‌ನವರು, ತೀರಿಕೊಂಡಿದ್ದರು. ತಾಯಿ ಮಂಜುಶ್ರೀ ಧಾರವಾಡದವರು. ಡೈಮಂಡ್ ಬಾರ್ ಎಂಬ ಊರಿನ ಮನೆಯಲ್ಲಿ ಈಗ ಅಮ್ಮ, ಮಗ ಇಬ್ಬರೇ.

ಸಾರಿ ಹೇಳಲು ಅವಳು ಕುಡಿಸಿದ ಕಾಫಿ ಪ್ರೀತಿಗೆ ತಿರುಗಿತು. ಅವನ ಹೆಸರಿನ ಚರಿತ್ರೆಯನ್ನೂ ಅವಳು ಹುಡುಕಿ ಹುಡುಕಿ ಓದಿದಳು.

ಒಂದು ಸಂಜೆ ಅವನ ಕಾರಿನಲ್ಲಿದ್ದಾಗ ಅಪ್ಪ ಗಿರಿಧರ್ ಫೋನ್ ಮಾಡಿದರು.

"ಯಾರ ಜೊತೆ ಇದ್ದೀಯ ಪುಟ್ಟಾ?"

"ಫ್ರೆಂಡ್ ಅಪ್ಪಾ... ಅಮೃತ್ ಅಂತ."

ಎಮ್ರಿಸ್ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಅವಳು ಫೋನ್ ಇಟ್ಟ ಕೂಡಲೇ ಅವಳತ್ತ ತಿರುಗಿದ.

"ನನ್ನ ಹೆಸರು ಹೇಳಾಕ ನಾಚಿಕಿ ಬಂತೇನ? ಅಪ್ಪನಿಂದ ನನಗ ಉಳಿದಿದ್ದು ಅದೊಂದ, ಸ್ಪಂದನಾ!"

"ಹಾಗಲ್ಲ ಎಮ್ರಿಸ್... ಆ ಹೆಸರಿನ ಅರ್ಥ..."

ಅವನು ಕೇಳಲಿಲ್ಲ. ಅವಳನ್ನು ಮನೆ ಮುಂದೆ ಇಳಿಸಿ ಹೊರಟೇಹೋದ. ಆಮೇಲೆ ಫೋನೂ ಎತ್ತಲಿಲ್ಲ.

'ಹೆಸರಿನ ಅರ್ಥ ಗೊತ್ತಿದ್ದೇ ಅಮೃತ್ ಅಂದೆ, ಸರಿ. ಆದರೆ ಹೆದರಿದ್ದೂ ನಿಜ ತಾನೇ?' ಸ್ಪಂದನಾ ತನ್ನನ್ನೇ ಕೇಳಿಕೊಂಡಳು.

ಶನಿವಾರ ಬೆಳಿಗ್ಗೆಯೇ ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡಿಕೊಂಡು ಹೋದಳು. ಅಲ್ಲಿನ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ಮನೆಯಲ್ಲಿ ಅಪ್ಪನ ಎದುರು ಕೂತಳು.

"ಅಪ್ಪಾ, ಅವನ ಹೆಸರು ಅಮೃತ್ ಅಲ್ಲ, ಎಮ್ರಿಸ್. ವೇಲ್ಸ್‌ನ ಹಳೇ ಹೆಸರು. ಸಾವಿರದೈನೂರು ವರ್ಷದ ಹಿಂದೆ ದಂಡೆತ್ತಿ ಬಂದ ಸ್ಯಾಕ್ಸನ್ನರನ್ನ ಎದುರಿಸಿದ ನಾಯಕನದು. ಅವನ ಹೆಸರಿನ ಬೆಟ್ಟ ಇವತ್ತೂ ಇದೆ, ಅದರಡಿಯಲ್ಲಿ ಕೆಂಪು ಡ್ರ್ಯಾಗನ್ ಬಿಳಿ ಡ್ರ್ಯಾಗನ್ ಜೊತೆ ಕಾದಾಡಿತ್ತಂತೆ! ಮೊನ್ನೆ ಮೊನ್ನೆವರೆಗೂ ಎಮ್ರಿಸ್ ಜೋನ್ಸ್ ಅಂತ ಭೂಗೋಳದ ವಿದ್ವಾಂಸರಿದ್ರು, ಎಮ್ರಿಸ್ ಜೇಮ್ಸ್ ಅಂತ ನಟ..."

ಅವಳು ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡಳು.

"ಮೂಲ ಗ್ರೀಕ್ ಅಪ್ಪಾ. ಸಾವಿಲ್ಲದವನು ಅಂತ ಅರ್ಥ. ನಮ್ಮ ಅಮೃತಕ್ಕೂ ಅದಕ್ಕೂ ಒಂದೇ ಬೇರು. ಆದ್ರೂ ನಾನು ಹೆದರಿ ಮುಚ್ಚಿಟ್ಟೆ. ಅವನನ್ನ ಪ್ರೀತಿಸ್ತೀನಪ್ಪಾ!"

ಗಿರಿಧರ್ ಕನ್ನಡಕ ತೆಗೆದು ಮಗಳತ್ತ ನೋಡಿದರು.

"ಹೆಸರಿಗೆ ನನಗ್ಯಾಕೆ ಬೇಜಾರು? ಅಪ್ಪನಿಗೆ ಸುಳ್ಳು ಹೇಳಿದೆಯಲ್ಲ, ಅದಕ್ಕೆ ಬೇಜಾರು... ಏಳು, ಕಾರ್ ತೆಗಿ. ಆ ಹುಡುಗನ್ನ ನಾನು ನೋಡ್ಬೇಕು."

ಅಬ್ಬಾ! ಎದೆಯ ಮೇಲಿನ ಬಂಡೆ ಉರುಳಿಹೋದಂತಾಯಿತು. ದಾರಿಯುದ್ದಕ್ಕೂ ಅವಳು ಅಳುತ್ತಲೇ ನಗುತ್ತಿದ್ದಳು.

ಡೈಮಂಡ್ ಬಾರ್‌ನಲ್ಲಿ ಬಾಗಿಲು ತೆರೆದವನು ಎಮ್ರಿಸ್.

"ಎಮ್ರಿಸ್, ನಾನು ಸ್ಪಂದನಾ ತಂದೆ. ನಿಮ್ಮ ಹೆಸರಿನ ಕಥೆ ಎಲ್ಲಾ ಹೇಳಿದ್ಲು. ಎಷ್ಟು ಚೆಂದದ ಹೆಸರು ನಿಮ್ದು!"

ಅವನ ಕಣ್ಣು ತುಂಬಿಬಂತು. "ಒಳಗ ಬರ್ರಿ ಅಂಕಲ್..."

ಮಂಜುಶ್ರೀ ಬಂದು ಗಿರಿಧರ್ ಅವರನ್ನು ಒಳಗೆ ಕರೆದೊಯ್ದರು. ಬಾಗಿಲಲ್ಲಿ ಉಳಿದವರು ಇಬ್ಬರೇ.

"ನಿನ್ನ ಮಾತು ನಾ ಪೂರ್ತಿ ಕೇಳಬೇಕಾಗಿತ್ತು..."

"ಈಗ ಕೇಳ್ತೀಯಾ?"

"ಹೇಳು."

"ನಿನ್ನ ಪ್ರೀತಿಸ್ತೀನಿ. ಅಪ್ಪನ ಮುಂದೆನೇ ಹೇಳಿ ಬಂದಿದ್ದೀನಿ!"

ಎಮ್ರಿಸ್ ನಕ್ಕು ಅವಳ ಕೈ ಹಿಡಿದ.

"ಹಂಗಾರ ಬಾ, ಅವ್ವನ ಮುಂದ ನಾನೂ ಹೇಳ್ತೀನಿ."