ಹದಿನಾಲ್ಕನೇ ಮನೆಯ ದೀಪ

ಇದನ್ನು ನಂಬಿ ಎಂದು ನಾನು ಯಾರಿಗೂ ಗಂಟುಬೀಳುವುದಿಲ್ಲ. ಕಡಿಮೆ ಬಾಡಿಗೆಯ ಈ ವೃದ್ಧರ ವಸತಿಯಲ್ಲಿ ಮನೆಗೊಬ್ಬರೇ ಇರಬೇಕು. ಬದುಕಿದ್ದೇವೆಂದು ತಿಳಿಸಲು ದಿನಾ ಬೆಳಿಗ್ಗೆ ಗೋಡೆಯ ಗುಂಡಿ ಒತ್ತಿದರೆ ಕೆಳಗೆ ಆಫೀಸಿನಲ್ಲಿ ನಮ್ಮ ಮನೆಯ ದೀಪ ಹತ್ತುತ್ತದೆ. ಏಳು ವರ್ಷ ಕಾದ ಮೇಲೆ ನನಗೆ ಹದಿನಾಲ್ಕನೇ ಮನೆ ಸಿಕ್ಕಿತ್ತು.

"ಅಜ್ಜಿ, ನೀವು ಒತ್ತೋದು ಒಂಬತ್ತಕ್ಕೆ. ಎಂಟಕ್ಕೂ ದೀಪ ಹತ್ತುತ್ತಲ್ಲ, ಯಾರನ್ನ ಇಟ್ಕೊಂಡಿದೀರಿ?" ಎಂದ ಮ್ಯಾನೇಜರ್.

"ಈ ವಯಸ್ಸಲ್ಲಿ ಯಾರಪ್ಪ ಬರ್ತಾರೆ?"

"ತಮಾಷೆ ಬೇಡ. ಮನೆ ಖಾಲಿ ಮಾಡಿಸ್ತೀನಿ."

ಮರುದಿನ ಬೆಳಿಗ್ಗೆ ಮನೆಗೆ ಬೀಗ ಹಾಕಿಸಿ, ಬೀಗದ ಕೈ ಕಿತ್ತುಕೊಂಡು, ನನ್ನನ್ನು ಆಫೀಸಿನಲ್ಲಿ ತನ್ನೆದುರೇ ಕೂರಿಸಿಕೊಂಡ. ಎಂಟಕ್ಕೆ ಹದಿನಾಲ್ಕು ಹತ್ತಿತು. ಇಬ್ಬರೂ ಮೇಲಕ್ಕೆ ಓಡಿದೆವು. ಅಂದರೆ ಅವನು ಓಡಿದ, ನಾನು ಮೆಟ್ಟಿಲು ಎಣಿಸಿದೆ. ಒಳಗೆ ಯಾರೂ ಇರಲಿಲ್ಲ. ಗುಂಡಿ ಮಾತ್ರ ಒದ್ದೆಯಾಗಿತ್ತು, ಮಂಜುಗಡ್ಡೆಯಷ್ಟು ತಣ್ಣಗಿತ್ತು. ಸಿಟ್ಟಿನಲ್ಲಿ ಅವನೇ ಅದರ ತಂತಿ ಕತ್ತರಿಸಿದ.

ಮಾರನೆಯ ದಿನ ಎಂಟಕ್ಕೆ ಸರಿಯಾಗಿ ದೀಪ ಹತ್ತಿತು. ಒಂಬತ್ತಕ್ಕೆ ನಾನು ಒತ್ತಿ ಕೆಳಗೆ ಬಂದು ಕೇಳಿದರೆ, ಹತ್ತಲೇ ಇಲ್ಲವಂತೆ.

"ನನಗೇನಾದ್ರೂ ಆದ್ರೆ ನಿಮಗೆ ಹೇಗಪ್ಪ ಗೊತ್ತಾಗೋದು?" ಎಂದೆ.

"ಈಗ ಒಂದೇ ಸಲ ಹತ್ತುತ್ತೆ ತಾನೇ? ಮನೆಗೊಬ್ಬರು. ನಿಯಮಕ್ಕೆ ಸರಿಹೋಯ್ತು," ಎಂದು ನನ್ನ ಮುಖ ನೋಡದೆ ರಿಜಿಸ್ಟರಿನಲ್ಲಿ ಗುರುತು ಹಾಕಿದ.