ಯಂತ್ರ ಕಟ್ಟಿದ ಗೋಡೆ

ಯಂತ್ರ ಬಂದ ದಿನ ಅದಕ್ಕೆ ಕಾಯಿ ಒಡೆದವನು ದಿನೇಶನೇ. ಹೊಸನಗರದ ಹೊರಗೆ ಏಳುತ್ತಿದ್ದ ಕಲ್ಯಾಣ ಮಂಟಪಕ್ಕೆ ಪಾಯ ಹಾಕಿದ ಮೇಸ್ತ್ರಿ ಅವನು. ಅದಕ್ಕೇ ಕಂಟ್ರಾಕ್ಟರ್ ರವೀಶ ಗೌಡರು ಕಾಯಿಯನ್ನು ಅವನ ಕೈಗೆ ಕೊಟ್ಟಿದ್ದರು. ಕಾಯಿ ಸರಿಯಾಗಿ ಎರಡು ಹೋಳಾಯಿತು, ನೀರು ಯಂತ್ರದ ಹಳದಿ ತೋಳಿನ ಮೇಲೆ ಚಿಮ್ಮಿತು. ಅಷ್ಟರಲ್ಲಿ ಯಂತ್ರದ ಜೊತೆ ಬಂದಿದ್ದ ಇಂಜಿನಿಯರ್ ಹುಡುಗಿ ಮಂಜುಶ್ರೀ, "ಸರ್, ಸ್ವಲ್ಪ ಹಿಂದೆ ನಿಂತ್ಕೊಳ್ಳಿ. ನೀವು ಅಡ್ಡ ನಿಂತ್ರೆ ಅದಕ್ಕೆ ಕಂಬ ಕಾಣಲ್ಲ" ಎಂದಳು. ದಿನೇಶ ಸರಿದ. ಇನ್ನೂ ಸ್ವಲ್ಪ ಎಂದಳು. ಕೊನೆಗೆ ಅವನು ನಿಂತದ್ದು ಜಲ್ಲಿ ರಾಶಿಯ ಪಕ್ಕದಲ್ಲಿ, ತಮಾಷೆ ನೋಡಲು ಬಂದ ಊರವರ ನಡುವೆ.

ತೋಳು ಒಂದು ಬ್ಲಾಕ್ ಎತ್ತಿತು, ತಳಕ್ಕೆ ಸಿಮೆಂಟಿನ ಬದಲು ಗಮ್ ಬಳಿಯಿತು, ಕೂರಿಸಿತು. ಮತ್ತೊಂದು ಎತ್ತಿತು. ಬೀಡಿ ಹಚ್ಚಲಿಲ್ಲ, ಎಲೆಯಡಿಕೆ ಕೇಳಲಿಲ್ಲ, ನಾಳೆ ಅತ್ತೆ ಮನೆಗೆ ಹೋಗಬೇಕು ಎಂದು ತಲೆ ಕೆರೆಯಲಿಲ್ಲ. ಗೌಡರ ಮುಖ ಅರಳಿದ್ದನ್ನು ದಿನೇಶ ದೂರದಿಂದಲೇ ಕಂಡ. ಸಂಜೆ ಅವರು ಅವನನ್ನು ಪಕ್ಕಕ್ಕೆ ಕರೆದರು.

"ನೋಡು ದಿನೇಶ, ಬುಧವಾರ ಮಂಟಪದ ಕಮಿಟಿಯವ್ರು ಬರ್ತಾರೆ. ಅವ್ರ ಎದುರು ಒಂದು ಗೋಡೆ ಸರಿಯಾಗಿ ಎದ್ರೆ ಯಂತ್ರ ಇಟ್ಕೊಳ್ಳೋದೇ ಸೈ. ತೀರ್ಥಹಳ್ಳಿ ಕೆಲ್ಸಕ್ಕೂ ಇದೇ, ಸಾಗರದ ಕೆಲ್ಸಕ್ಕೂ ಇದೇ. ನಿನ್ ಜನಕ್ಕೆ ಬೇರೆ ಕಡೆ ನೋಡ್ಕೊಳ್ಳಕ್ಕೆ ಹೇಳ್ಬಿಡು ಮಾರಾಯ."

"ನಾನು ಗೌಡ್ರೇ?"

"ನೀ ಇರು. ಸಂಪು, ಕಾಂಪೌಂಡು ಅಂತ ಎಂತಾದ್ರೂ ಇದ್ದೇ ಇರ್ತದೆ."

ಸಂಪು, ಕಾಂಪೌಂಡು! ಈ ಮೂರು ತಾಲ್ಲೂಕುಗಳಲ್ಲಿ ಗೌಡರು ಕಟ್ಟಿಸಿದ ಯಾವ ಗೋಡೆಯನ್ನು ಮುಟ್ಟಿದರೂ ಅದರಲ್ಲಿ ದಿನೇಶನ ಕೈಯಿತ್ತು. ಮೀಸೆ ಮೂಡುವ ಮೊದಲು ಅವರ ಜೊತೆ ಸೇರಿದವನಿಗೆ ಈಗ ಸಂಪು, ಕಾಂಪೌಂಡು. ಅವನನ್ನೇ ನಂಬಿದ್ದ ಗಾರೆಯವರಿಗೆ ಏನು ಹೇಳುವುದು? ಬೇರೆ ಕಡೆ ಎಂದರೆ ಯಾವ ಕಡೆ? ಗೌಡರು ತಂದದ್ದನ್ನು ನಾಳೆ ಉಳಿದ ಕಂಟ್ರಾಕ್ಟರುಗಳೂ ತರುತ್ತಾರೆ. ಬುಧವಾರ ಆ ಗೋಡೆ ನೆಟ್ಟಗೆ ಎದ್ದರೆ ತಾನು ಮೇಸ್ತ್ರಿಯಾಗಿದ್ದದ್ದು ಅಲ್ಲಿಗೆ ಮುಗಿಯಿತು.

ಅಂದಿನಿಂದ ಅವನು ಒಂದು ಕಡೆ ಕೂರಲಿಲ್ಲ. ಅಂಗಳದಲ್ಲಿ ಅತ್ತಿಂದಿತ್ತ ನಡೆದ. ಚಹಾ ಮಾಡಿಸಿಕೊಂಡು ಕುಡಿಯಲು ಮರೆತ. "ಎಂತಾಯ್ತು ನಿಮಗೆ? ಇರುವೆ ಗೂಡು ತುಳಿದೋರ ಹಂಗೆ ಆಡ್ತೀರಲ್ಲ" ಎಂದು ಹೆಂಡತಿ ಯಶೋಧಾ ಬೈದಳು. ಅವನ ತಲೆ ಬೇರೆಡೆ ಓಡುತ್ತಿತ್ತು.

ಯಂತ್ರವನ್ನು ಮುರಿಯುವುದು ದಡ್ಡರ ಕೆಲಸ. ಮುರಿದರೆ ಪೊಲೀಸರು ಬರುತ್ತಾರೆ, ಅವರ ಹಿಂದೆಯೇ ಇನ್ನೊಂದು ಯಂತ್ರ ಬರುತ್ತದೆ. ಹಾಗಲ್ಲ. ಯಂತ್ರ ಚೆನ್ನಾಗಿರಬೇಕು, ಚೆನ್ನಾಗಿದ್ದೂ ಕಮಿಟಿಯವರ ಕಣ್ಣೆದುರೇ ತನ್ನ ಕೈಯಾರೆ ಸೊಟ್ಟ ಗೋಡೆ ಕಟ್ಟಬೇಕು. ಆಮೇಲೆ ಯಾರ ಬಾಯಿಯನ್ನೂ ಯಾರಿಂದಲೂ ಮುಚ್ಚಿಸಲಾಗದು. ಮೇಸ್ತ್ರಿ ಬೇಡ ಎಂದವರೇ ಮೇಸ್ತ್ರಿಯನ್ನು ಹುಡುಕಿಕೊಂಡು ಬರಬೇಕು.

ದಾರಿ ತೋರಿಸಿದವಳು ಮಂಜುಶ್ರೀಯೇ. ಕಟ್ಟಡದ ನಾಲ್ಕು ಮೂಲೆಗೂ ಕಬ್ಬಿಣದ ಕಂಬ ನೆಟ್ಟು, ಅವುಗಳ ತುದಿಗೆ ಅಂಗೈಯಗಲದ ಕನ್ನಡಿ ಕೂರಿಸಿದ್ದರು. ಯಂತ್ರ ಆ ಕನ್ನಡಿಗಳನ್ನು ನೋಡಿಯೇ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತದಂತೆ. ಕಂಬ ಒಂದಿಷ್ಟು ವಾಲಿದರೂ ಗೋಡೆಯ ಕತೆ ಮುಗಿಯಿತು ಎಂದು ನೋಡಲು ಬಂದವರಿಗೆಲ್ಲ ಹೆಮ್ಮೆಯಿಂದ ವಿವರಿಸುತ್ತಿದ್ದಳು. ಬೆಳಿಗ್ಗೆ ಒಂದೊಂದನ್ನೂ ಪರೀಕ್ಷೆ ಮಾಡುತ್ತಾಳೆ. ಮಧ್ಯಾಹ್ನ ಎಲ್ಲರೂ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಊಟಕ್ಕೆ ಹೋಗಿ ಬಂದವರು ಮತ್ತೆ ಪರೀಕ್ಷಿಸದೆ ಬಟನ್ ಒತ್ತಿ ಕೆಲಸ ಶುರು ಮಾಡುತ್ತಾರೆ. ಊಟದ ಹೊತ್ತಿನಲ್ಲಿ ಅಲ್ಲಿ ಉಳಿಯುವವನು ಕಾವಲಿನ ಹೂವಯ್ಯ ಒಬ್ಬನೇ. ಬುತ್ತಿ ಮುಗಿಸಿ ಶೆಡ್ಡಿನೊಳಗೆ ಮೊಬೈಲಿನಲ್ಲಿ ಯಕ್ಷಗಾನ ಹಾಕಿಕೊಂಡು ಮಲಗಿದನೆಂದರೆ ಚಂಡೆ ಬಡಿದರೂ ಏಳುವ ಆಸಾಮಿಯಲ್ಲ.

ಕಂಬ ವಾಲಿಸಿದ್ದು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೂ ದಿನೇಶ ಉತ್ತರ ಹುಡುಕಿಟ್ಟಿದ್ದ. ಹಸು! ಬೀಡಾಡಿ ದನಗಳು ಆ ಬಯಲನ್ನು ತಮ್ಮ ಅಪ್ಪನ ಮನೆ ಮಾಡಿಕೊಂಡಿದ್ದವು. ಕಂಬಕ್ಕೆ ಉಪ್ಪುನೀರು ಸವರಿದರೆ ಸಾಕು, ಅವೇ ಬಂದು ನೆಕ್ಕುತ್ತವೆ, ಮೈ ತಿಕ್ಕುತ್ತವೆ, ಬುಡದಲ್ಲಿ ಗೊರಸಿನ ಗುರುತನ್ನೂ ಬಿಟ್ಟು ಹೋಗುತ್ತವೆ. ಹಸುವಿನ ಮೇಲೆ ಯಾರು ಕೇಸು ಹಾಕುತ್ತಾರೆ? ಇದನ್ನು ಯೋಚಿಸಿದ ದಿನ ಅವನು ಒಬ್ಬನೇ ನಕ್ಕ. ಯಶೋಧಾ ಇನ್ನಷ್ಟು ಗಾಬರಿಯಾದಳು.

ಬುಧವಾರವೇ ಕೋಣಂದೂರಿನಲ್ಲಿ ಯಶೋಧಾಳ ಅಣ್ಣ ಬೆಳ್ಳಪ್ಪನ ಹೊಸ ಮನೆಯ ಪ್ರವೇಶ. ದೇವರೇ ಕೂಡಿಸಿಕೊಟ್ಟಂತಿತ್ತು. "ಅವತ್ತು ನಾ ಬರಕ್ಕಾಗಲ್ಲ ಗೌಡ್ರೇ, ಭಾವನ ಮನೆ ಒಕ್ಕಲು" ಎಂದ. "ಹೋಗು ಹೋಗು, ಇಲ್ಲಿ ನಿಂಗೆಂತ ಕೆಲ್ಸ" ಎಂದರು ಗೌಡರು. ಆ ಮಾತು ಕೇಳಿದ ಮೇಲೆ ಅವನಲ್ಲಿದ್ದ ಅಳುಕೂ ಹೋಯಿತು.

ಕೋಣಂದೂರಿನಲ್ಲಿ ಅವನು ಎಲ್ಲರ ಕಣ್ಣಿಗೆ ಬಿದ್ದ. ಫೋಟೋದವನ ಮುಂದೆ ನಿಂತ. ಮೊದಲ ಪಂಕ್ತಿಗೆ ಕೋಸಂಬರಿ ಬಡಿಸಿದ, ಬೇಕೆಂದೇ ಕಮ್ಮಿ ಬಡಿಸಿ ಹಿರಿಯರಿಂದ ಬೈಸಿಕೊಂಡ. ಬೈದವರು ಮರೆಯುವುದಿಲ್ಲ. ಎರಡನೆಯ ಪಂಕ್ತಿಗೆ ಎಲೆ ಹಾಕುವ ಗಲಾಟೆಯಲ್ಲಿ ಹಿಂದಿನ ದಾರಿಯಿಂದ ಬೈಕ್ ತಳ್ಳಿಕೊಂಡು ಹೊರಬಿದ್ದ. ಚಪ್ಪರದಲ್ಲಿದ್ದವರು ಅವನು ಅಡುಗೆಯವರ ಹತ್ತಿರ ಇದ್ದಾನೆ ಎಂದುಕೊಳ್ಳುತ್ತಾರೆ, ಅಡುಗೆಯವರು ಚಪ್ಪರದಲ್ಲಿದ್ದಾನೆ ಎಂದುಕೊಳ್ಳುತ್ತಾರೆ. ಫೋನನ್ನು ಭಾವನ ಮನೆಯಲ್ಲೇ ಚಾರ್ಜಿಗೆ ಹಾಕಿ ಬಂದಿದ್ದ.

ಹೊಸನಗರದಲ್ಲಿ ಬೈಕನ್ನು ಅಕೇಶಿಯಾ ಪ್ಲಾಂಟೇಶನ್ನಿನೊಳಗೆ ನಿಲ್ಲಿಸಿ ಹಿಂಬದಿಯಿಂದ ಒಳಗೆ ಬಂದ. ಶೆಡ್ಡಿನೊಳಗೆ ಭಾಗವತರ ಪದ ಏರುತ್ತಿತ್ತು. ಒಂದು ಮೂಲೆಯ ಕಂಬದ ಬುಡದ ಕಲ್ಲನ್ನು ಸಡಿಲಿಸಿ, ತೀರಾ ಕಣ್ಣಿಗೆ ಹೊಡೆಯದಷ್ಟು ವಾಲಿಸಿ, ಕಲ್ಲನ್ನು ಮತ್ತೆ ಒತ್ತಿಟ್ಟ. ಉಪ್ಪುನೀರು ಸವರಿದ. ಅವನು ದೂರ ಸರಿಯುವ ಮೊದಲೇ ಒಂದು ಕೆಂಪು ಹಸು ಯಾರೋ ಕರೆದಂತೆ ಬಂದು ನಾಲಿಗೆ ಚಾಚಿತು.

ಹೊರಡಬೇಕು. ಹೊರಡುವ ಮುಂಚೆ ಯಂತ್ರ ಬೆಳಿಗ್ಗೆ ಕಟ್ಟಿದ್ದ ಗೋಡೆಯ ಹತ್ತಿರ ಒಂದು ಗಳಿಗೆ ನಿಂತ. ಸೊಂಟದೆತ್ತರ ಎದ್ದಿತ್ತು. ಒಂದು ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿಗೆ ನೋಡಿದ. ಎಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಚೆನ್ನಾಗಿಯೇ ಕಟ್ಟಿತ್ತು, ಹಾಳಾದ್ದು! ಇಂಥ ಗೋಡೆ ಕಟ್ಟಲು ತಾನು ಎಷ್ಟು ಬೈಗುಳ ತಿಂದು ಕಲಿತಿದ್ದೆ ಎಂದು ನೆನೆದು ಅವನಿಗೆ ಅಳು ಬಂದಂತಾಯಿತು. ಅದೇ ಯೋಚನೆಯಲ್ಲಿ ಎಷ್ಟು ಹೊತ್ತು ಕಳೆಯಿತೋ ತಿಳಿಯಲಿಲ್ಲ. ಶೆಡ್ಡಿನೊಳಗೆ ಹೂವಯ್ಯ ಕೆಮ್ಮಿದಾಗಲೇ ಎಚ್ಚರವಾಗಿ, ಬಗ್ಗಿಕೊಂಡು ಪ್ಲಾಂಟೇಶನ್ನಿಗೆ ಓಡಿದ.

ಕೋಣಂದೂರಿನಲ್ಲಿ ಕೊನೆಯ ಪಂಕ್ತಿ ಸಿಕ್ಕಿತು. ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡ. ಆದರೆ ಊಟವಾದ ಮೇಲೆ ಮತ್ತೆ ಕೂರಲಾಗಲಿಲ್ಲ. ಫೋನನ್ನು ಕಿಸೆಯಿಂದ ತೆಗೆಯುವುದು, ನೋಡುವುದು, ಇಡುವುದು. ಕಂಬವನ್ನು ಯಾರಾದರೂ ನೋಡಿ ಸರಿ ಮಾಡಿಬಿಟ್ಟರೆ? ಬಿಸಿಲು ಇಳಿಯುತ್ತಿದ್ದಂತೆ ಗೌಡರ ಫೋನ್ ಬಂತು.

"ದಿನೇಶ, ಮಾನ ಹೋಯ್ತು ಮಾರಾಯ! ಕಮಿಟಿಯವ್ರ ಎದುರೇ ಗೋಡೆ ಹೊಟ್ಟೆ ಬಿಟ್ಕೊಂಡು ನಿಂತದೆ. ಒಂದ್ಸಲ ಬಂದು ನೋಡು."

"ಅಯ್ಯೋ, ಹೌದಾ ಗೌಡ್ರೇ? ಈಗ್ಲೇ ಹೊರಟೆ" ಎಂದ. ದಾರಿಯುದ್ದಕ್ಕೂ ಮುಖಕ್ಕೆ ಬರುತ್ತಿದ್ದ ನಗುವನ್ನು ತಡೆಯುವುದೇ ಕಷ್ಟವಾಯಿತು.

ಕಮಿಟಿಯವರು ಹೋಗಿಯಾಗಿತ್ತು. ಸೊಂಟದವರೆಗೆ ನೆಟ್ಟಗಿದ್ದ ಗೋಡೆ ಅಲ್ಲಿಂದ ಮೇಲೆ ಸಾಲುಸಾಲಾಗಿ ಹೊರಕ್ಕೆ ಜಾರುತ್ತ ಹೋಗಿತ್ತು. ಮಂಜುಶ್ರೀಯ ಕಣ್ಣು ಕೆಂಪಾಗಿತ್ತು. ಹೂವಯ್ಯ ಆಣೆ ಹಾಕುತ್ತಿದ್ದ: "ನಾ ಕಣ್ಣಾರೆ ಕಂಡೆ ಗೌಡ್ರೇ, ಕೆಂಪು ಹಸು. ಕಂಬಾನ ನೆಕ್ತಾ ಇತ್ತು!"

"ಹಸು ನೆಕ್ಕಿದ್ರೆ ಸೊಟ್ಟ ಆಗೋ ಯಂತ್ರ ನಂಗೆ ಬ್ಯಾಡ ಕಣಮ್ಮ" ಎಂದರು ಗೌಡರು ಮಂಜುಶ್ರೀಗೆ. "ನಾಳೆ ಲಾರಿ ಕರೆಸಿ ಹೇರ್ಕೊಂಡು ಹೋಗಿ." ಆಮೇಲೆ ದಿನೇಶನ ಹೆಗಲ ಮೇಲೆ ಕೈಯಿಟ್ಟರು. "ನಂದು ತಪ್ಪಾಯ್ತು ಮಾರಾಯ. ನಾಳೆಯಿಂದ ನಿನ್ ಜನ ಕರ್ಕೊಂಡು ಬಾ."

"ಪಾಪ, ಅದಕ್ಕೆಂತ ಗೊತ್ತಾಗ್ತದೆ ಬಿಡಿ, ಮಿಷಿನ್ನು" ಎಂದ ದಿನೇಶ, ಬಹಳ ದೊಡ್ಡ ಮನಸ್ಸಿನಿಂದ. ಇಷ್ಟು ದಿನಗಳಲ್ಲಿ ಮೊದಲ ಸಲ ಅವನ ಕಾಲು ನಿಂತಲ್ಲಿ ನಿಂತಿತು.

ಕೆಡವುವ ಮೊದಲು ಒಮ್ಮೆ ನೋಡೋಣವೆಂದು ಗೌಡರು ಗೋಡೆಯ ಹತ್ತಿರ ಹೋಗಿ ಬೆಳಗಿನ ಸಾಲುಗಳ ಮೇಲೆ ಅಂಗೈ ಇಟ್ಟರು, ತೆಗೆದು ನೋಡಿಕೊಂಡರು, ಮೇಲಿನ ಸಾಲುಗಳನ್ನೂ ಮುಟ್ಟಿದರು. "ಇದಕ್ಕೆ ನೀರು ಹೊಡೆದೋರು ಯಾರು?" ಎಂದು ಕೇಳಿದರು. ಮಂಜುಶ್ರೀ ಮೂಗು ಒರೆಸಿಕೊಂಡು, "ನೀರಾ? ಸಿಮೆಂಟ್ ಗೋಡೆ ಗಟ್ಟಿಯಾಗಕ್ಕೆ ನೀರು ಬೇಕು, ಗಮ್ ಹಾಕಿ ಕಟ್ಟಿದ್ದಕ್ಕೆ ಬೇಡ ಸರ್, ನಾವ್ಯಾರೂ ಹೊಡೆಯಲ್ಲ" ಎಂದಳು. ಹೂವಯ್ಯ ತಾನೂ ಅಲ್ಲವೆಂದ. ಪಾಯದ ಕಾಲದ ನೀರಿನ ಡ್ರಮ್ಮು ಗೋಡೆಯ ಪಕ್ಕದಲ್ಲೇ ಇತ್ತು, ಡಬ್ಬ ಕೆಳಗೆ ಬಿದ್ದಿತ್ತು. ದಿನೇಶ ಅದನ್ನು ನೋಡಿದ, ಆಮೇಲೆ ತನ್ನ ಬಲಗೈಯನ್ನು ನೋಡಿದ. ಯಾವಾಗ ಡಬ್ಬ ಎತ್ತಿದೆ, ಎಷ್ಟು ಸಲ ಎರಚಿದೆ, ಅವನಿಗೆ ಒಂದೂ ನೆನಪಿರಲಿಲ್ಲ. ಗೌಡರಿಗೆ ಮಾತ್ರ ಎಲ್ಲ ನೆನಪಿತ್ತು. ಯಾರದೇ ಗೋಡೆಯಾಗಲಿ, ಹೊಸತು ಒಣಗಿ ನಿಂತದ್ದು ಕಂಡರೆ ಬೈಕ್ ನಿಲ್ಲಿಸಿ, ಇಳಿದು, ನೀರು ಹೊಡೆದೇ ಮುಂದೆ ಹೋಗುವ ಮನುಷ್ಯ ಈ ಮೂರು ತಾಲ್ಲೂಕಿನಲ್ಲಿ ಅವರಿಗೆ ಒಬ್ಬನೇ ಗೊತ್ತು. ಅವರು ತಿರುಗಿ ಅವನ ಮುಖ ನೋಡಿದರು. ಸಿಟ್ಟಿಗಿಂತ ನೋವೇ ಹೆಚ್ಚಿದ್ದ ದನಿಯಲ್ಲಿ, "ಬೆಳಿಗ್ಗೆ ಕಟ್ಟಿದ್ದು ಒದ್ದೆ, ಊಟ ಆದ್ಮೇಲೆ ಕಟ್ಟಿದ್ದು ಒಣ" ಎಂದರು. "ಗೋಡೆಗೆ ನೀರು ಹೊಡೆದದ್ದೂ ಹಸುವೇ ಏನೋ ದಿನೇಶ?"