ಅಳಿಸಿದ ಗಂಡು ಸಾಲು

ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ಕೈಯೆಲ್ಲ ಹಿಟ್ಟು. ಸ್ಪೀಕರ್ ಹಾಕಲು ಮಗಳು ಸ್ನೇಹಾಗೆ ಹೇಳಿದೆ.

"ಸುರೇಖಾ ಅವರ, ಲೇಬಲ್ ಪ್ರಿಂಟ್ ಆಗವಲ್ದು." ರುದ್ರಮುನಿಯವರ ದನಿ. "ಬ್ಯಾಡಗಿಗೆ ಹೋಗೋ ಮೆಣಸಿನಕಾಯಿ ಬೀಜದ ಗಾಡಿ ಗೇಟಿನ್ಯಾಗ ನಿಂತೈತಿ. ಡೆಫಿನಿಷನ್ ಇಲ್ಲ ಅಂತ ಎರರ್ ಬರಾಕತ್ತೈತಿ."

"ಯಾವುದರ ಡೆಫಿನಿಷನ್ ರೀ?"

"ಗಂಡು ಸಾಲಿಂದು."

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಸ್ಟಾಕ್ ನೋಡಿಕೊಳ್ಳುತ್ತೇನೆ. ರುದ್ರಮುನಿ ಹಾವೇರಿಯಿಂದ ಬಂದು ನಮ್ಮ ಸಾಫ್ಟ್‌ವೇರ್ ಸರಿಮಾಡಿ ಹೋಗುವವರು. ಹೈಬ್ರಿಡ್ ಬೀಜವೆಂದರೆ ಹೊಲದಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ತಾಯಿ ಯಾವುದು, ತಂದೆ ಯಾವುದು ಎಂದು ಬರೆಯದೆ ಒಂದು ಚೀಲವೂ ಗೇಟು ದಾಟುವಂತಿಲ್ಲ. ಸಾಫ್ಟ್‌ವೇರಿನಲ್ಲಿ ಆ ಎರಡು ಕಾಲಮ್ಮುಗಳನ್ನು ಕಟ್ಟಿದವರು ಅದೇ ಕಂಪನಿಯಲ್ಲಿದ್ದ ನನ್ನ ಗಂಡ ಸಿದ್ದಲಿಂಗೇಶ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೋದವರು ಮರಳಲಿಲ್ಲ. ಬೈಕು ಹಾವೇರಿ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಪ್ರತಿ ತಿಂಗಳು ಫೋಟೋ ಹಿಡಿದು ಆ ಸ್ಟೇಷನ್ನಿಗೆ ಹೋಗಿಬರುತ್ತೇನೆ. ನನ್ನನ್ನು ಅರಿಶಿಣ-ಕುಂಕುಮಕ್ಕೆ ಕರೆಯಬೇಕೋ ಬೇಡವೋ ಎಂದು ಓಣಿಯ ಹೆಂಗಸರಿಗೆ ತಿಳಿಯದು. ನನಗೂ ತಿಳಿಯದು.

"ಗಂಡು ಸಾಲಿನ ಕೋಡ್ ಪಟ್ಟಿ ನಮ್ಮನಿಯವರ ಹಳೇ ನೋಟ್‌ಬುಕ್ಕಿನ್ಯಾಗ ಐತಿ," ಎಂದೆ. "ಟ್ರಂಕಿನ್ಯಾಗ."

"ನಾನ ಬರ್ತೇನಿ."

ಕಾಲು ತಾಸಿನಲ್ಲಿ ಕಂಪನಿಯಿಂದ ಲ್ಯಾಪ್‌ಟಾಪ್ ಹಿಡಿದು ಬಂದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನನ್ನ ಮುಖ ನೋಡಿ ನಿಂತೇಬಿಟ್ಟರು.

"ಗಲ್ಲಕ್ಕ ಹಿಟ್ಟು ಹತ್ತೈತಿ."

"ಯಾವ ಕಡೆ?"

"ಎಡಕ್ಕ. ಅಲ್ಲ, ಬಲಕ್ಕ. ತಡೀರಿ, ಇನ್ನೊಮ್ಮೆ ನೋಡಿ ಹೇಳ್ತೇನಿ."

"ಗಾಡಿ ಗೇಟಿನ್ಯಾಗ ನಿಂತೈತಿ ಅಂದ್ರಿ."

"ನಿಲ್ಲಲಿ. ಅದಕ್ಕೇನು ಕಾಲು ನೋಯ್ತಾವೇನು?"

ಸ್ನೇಹಾ ಸದ್ದಿಲ್ಲದೆ ಹೋಗಿ ಅವರ ಚಪ್ಪಲಿಗಳನ್ನು ಒಳಗೆ ತಂದು ಬಾಗಿಲ ಹಿಂದೆ ಇಟ್ಟಳು. ಅವರು ಬಂದಾಗಲೆಲ್ಲ ಹೀಗೆಯೇ ಮಾಡುತ್ತಾಳೆ. ಎಂಟು ವರ್ಷದ ಹುಡುಗಿ, ಏನನ್ನೂ ಕೇಳುವುದಿಲ್ಲ. ತುಟಿಯವರೆಗೆ ಬಂದದ್ದನ್ನು ನುಂಗಿ, ಕಣ್ಣು ತಗ್ಗಿಸುತ್ತಾಳೆ.

"ಹೆಂಗ ಹೋತ್ರಿ ಆ ಡೆಫಿನಿಷನ್?" ಎಂದೆ.

"ಪುಣೆ ಆಫೀಸಿನವರು ಸಿಸ್ಟಮ್ ಸ್ವಚ್ಛ ಮಾಡಾಕ ಕುಂತಿದ್ರು. ಇಂಗ್ಲಿಷ್ ಅಕ್ಷರದಾಗ 'ಗಂಡು' ಅಂತ ಬರದಿತ್ತಲ್ಲ, ಹಿಂದ್ಯಾಗ ಅದು ಹೊಲಸು ಬೈಗುಳ. ಯಾರೋ ಸಿಟ್ಟಿಗೆದ್ದು ಬರದಾರ ಅಂತ ತೆಗದು ಒಗದಾರ."

ನಗು ಬಂತು. ಎಷ್ಟು ದಿನಕ್ಕೆ ಬಂದ ನಗುವೋ.

"ಡೇಟಾ ಹೋಗಿಲ್ರಿ," ರುದ್ರಮುನಿ ಮೆಲ್ಲಗೆ ಹೇಳಿದರು. "ಎಲ್ಲಾ ಅಲ್ಲೇ ಐತಿ. ಇದು ಏನು ಅಂತ ಹೇಳೋದಷ್ಟ ಹೋಗೇತಿ. ಅದಕ್ಕ ಸಿಸ್ಟಮ್ ಅದನ್ನ ಮುಟ್ಟವಲ್ದು."

ಟ್ರಂಕು ತೆರೆದೆ. ಗಂಡನ ಮಡಿಚಿಟ್ಟ ಅಂಗಿಗಳಲ್ಲಿ ಈಗ ಬರೀ ನುಸಿಗುಳಿಗೆಯ ವಾಸನೆ. ನೋಟ್‌ಬುಕ್ಕಿನಲ್ಲಿ ಅವೇ ದುಂಡನೆಯ ಅಕ್ಷರಗಳು. ನಾನು ಓದಿದೆ, ರುದ್ರಮುನಿ ಟೈಪ್ ಮಾಡಿದರು. ಏಳನೆಯ ಕೋಡಿಗೆ ದನಿ ಒಡೆಯಿತು. ಅವರು ತಲೆ ಎತ್ತಲಿಲ್ಲ. ನೀರಿನ ಲೋಟವನ್ನಷ್ಟೇ ನನ್ನತ್ತ ಸರಿಸಿ ಕಾದರು.

ಕೊನೆಗೆ ಒಂದು ಖಾನೆ ಉಳಿಯಿತು.

"ಇದರ ಜವಾಬ್ದಾರಿ ಯಾರದು ಅಂತ ಕೇಳಾಕತ್ತೈತಿ. ಮೊದಲ ಸಿದ್ದಲಿಂಗೇಶ ಅಂತ ಇತ್ತು. ಹಂಗ ಬಿಡ್ಲೇನ್ರಿ?"

ಅವರ ಬೆರಳುಗಳು ಕೀಬೋರ್ಡಿನ ಮೇಲೆ ನಿಂತೇ ಇದ್ದವು. ಹೋದ ತಿಂಗಳು ಹಾವೇರಿ ಸ್ಟೇಷನ್ನಿನ ಬೆಂಚಿನ ಮೇಲೆ, ರುದ್ರಮುನಿಯೇ ನನ್ನ ಕೈಯಲ್ಲಿದ್ದ ಫೋಟೋ ನೋಡುತ್ತ, "ನಾ ಕಾಯ್ತೇನಿ ಸುರೇಖಾ. ಏನಾಗಿ ಕಾಯಬೇಕು, ಅದನ್ನಷ್ಟ ಹೇಳ್ರಿ," ಎಂದಿದ್ದರು. ಫೋಟೋ ಚೀಲಕ್ಕೆ ಹಾಕಿ ಬಸ್ಸು ಹತ್ತಿದ್ದೆ.

"ನನ್ನ ಹೆಸರು ಹಾಕ್ರಿ," ಎಂದೆ.

"ನಾಳೆ ಅವರು ಬಂದು ಕೇಳಿದ್ರ?"

"ಕೇಳಲಿ, ಹೇಳ್ತೇನಿ. ಇನ್ನ ಫೋಟೋ ಹಿಡಕೊಂಡು ನಾ ಸ್ಟೇಷನ್ನಿಗೆ ಹೋಗಾಂಗಿಲ್ಲ."

ಅವರು ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದರು. ಅಷ್ಟು ನಿಧಾನವಾಗಿ ಯಾರೂ ನನ್ನ ಹೆಸರು ಬರೆದದ್ದಿಲ್ಲ.

ಫೋನು ಬಂತು. ಕಂಪನಿಯಲ್ಲಿ ಲೇಬಲ್‌ಗಳು ಬರುತ್ತಿವೆಯಂತೆ, ಗಾಡಿ ಹೊರಟಿತಂತೆ. ಆರಿಹೋಗಿದ್ದ ರೊಟ್ಟಿಯನ್ನು ಮತ್ತೆ ಹಂಚಿಗೆ ಹಾಕಿ ಬಿಸಿಮಾಡಿ ಅವರ ತಾಟಿಗೆ ಬಡಿಸಿದೆ.

ಬಾಗಿಲ ಹಿಂದೆ, ಚಪ್ಪಲಿಗಳ ಪಕ್ಕದಲ್ಲಿ ಕುಳಿತಿದ್ದ ಸ್ನೇಹಾ ಎದ್ದು ಬಂದಳು. ಅವರ ಎದುರು ನಿಂತಳು. ಈ ಸಲ ನುಂಗಲಿಲ್ಲ.

"ಅಂಕಲ್, ನಮ್ಮಪ್ಪ ಬಂದ್ರ ನೀವು ಹೋಗಿಬಿಡ್ತೀರೇನು?"